ಮೊದಲ ಏರ್ ರೈಫಲ್: ಕಡಿಮೆ ಹಣದಲ್ಲಿ ಸರಿಯಾದದ್ದನ್ನು ಆರಿಸುವುದು ಹೇಗೆ?

ಹತ್ತು ಮೀಟರ್ ಏರ್ ರೈಫಲ್ ಸ್ಪರ್ಧೆಯ ಗುರಿಯಲ್ಲಿ ಹತ್ತು ಅಂಕದ ಚುಕ್ಕೆಯ ಅಗಲ ಬರೀ ಅರ್ಧ ಮಿಲಿಮೀಟರ್. ಪೆಲೆಟ್‌ನ, ಅಂದರೆ ಏರ್ ರೈಫಲ್‌ನ ಸಣ್ಣ ಸೀಸದ ಗುಂಡಿನ, ಅಗಲ 4.5 ಮಿ.ಮೀ. ಅದರ ಅಂಚು ಚುಕ್ಕೆಯನ್ನು ಸೋಕಿದರೂ ಹತ್ತು ಸಿಗುತ್ತದೆ. ಅಂದರೆ ಪೆಲೆಟ್‌ನ ನಡುಬಿಂದು ಗುರಿಯ ನಡುವಿನಿಂದ 2.5 ಮಿ.ಮೀ. ಒಳಗೆ ಬೀಳಬೇಕು. ರೈಫಲ್ ಕೊಳ್ಳುವಾಗ ನೆನಪಿನಲ್ಲಿಡಬೇಕಾದ ಮೊದಲ ಲೆಕ್ಕ ಇದು. ಅಂಗಡಿಯಲ್ಲಿ 'ಪವರ್ ಎಷ್ಟು?' ಎಂದು ಕೇಳುವವರೇ ಹೆಚ್ಚು. ಕೊಡಗಿನ ಕೈಲ್ ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿ ಸಿಡಿಸುವ ಕೋವಿಗೆ ಬಲ ಬೇಕು, ಇಲ್ಲಿ ಕಾಗದ ತೂತಾದರೆ ಸಾಕು. ಒಲಿಂಪಿಕ್ಸ್‌ನಲ್ಲಿ ಬಳಸುವ ಏರ್ ರೈಫಲ್‌ಗಳೂ ಪೆಲೆಟ್ ಅನ್ನು ಸೆಕೆಂಡಿಗೆ ಸುಮಾರು 170 ಮೀಟರ್ ವೇಗದಲ್ಲಷ್ಟೇ ಕಳಿಸುತ್ತವೆ, ಶಕ್ತಿ 8 ಜೂಲ್‌ಗಿಂತ ಕಡಿಮೆ. ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿ ವೇಗ ಬರೆದಿದ್ದರೆ ಅದನ್ನು ಗುಣವೆಂದು ಎಣಿಸಬೇಡಿ.

ಕೊಳ್ಳುವ ಮೊದಲು

ಮೊದಲ ಎರಡು ಮೂರು ತಿಂಗಳು ಶೂಟಿಂಗ್ ರೇಂಜ್‌ನ ರೈಫಲ್‌ನಲ್ಲೇ ಕಲಿಯಿರಿ. ಹಣ ಉಳಿಸುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ನಿಂತು ರೈಫಲ್ ಎತ್ತುವ ಭಂಗಿ ಮೊದಲ ವಾರಗಳಲ್ಲಿ ದಿನಕ್ಕೊಂದು ಬಗೆಯಾಗಿರುತ್ತದೆ, ಭಂಗಿ ನೆಲೆಗೊಳ್ಳದೆ ಯಾವ ಅಳತೆಯ ರೈಫಲ್ ಬೇಕೆಂಬುದು ತಿಳಿಯದು.

ಈ ಅವಧಿಯಲ್ಲಿ ತರಬೇತುದಾರರನ್ನು ಒಂದು ಪ್ರಶ್ನೆ ಕೇಳಿ: ನೀವು ಅಥವಾ ನಿಮ್ಮ ಮಗು ಸ್ಪರ್ಧಿಸುವುದು ಓಪನ್ ಸೈಟ್ (ತೆರೆದ ಕಚ್ಚಿನ ಮೂಲಕ ಗುರಿ ನೋಡುವ) ವಿಭಾಗದಲ್ಲೋ, ಪೀಪ್ ಸೈಟ್ ವಿಭಾಗದಲ್ಲೋ? ಶಾಲಾ ಕ್ರೀಡಾಕೂಟಗಳಲ್ಲಿ ಎರಡೂ ಬೇರೆ ಬೇರೆ ಇವೆ. ಓಪನ್ ಸೈಟ್‌ಗೆ ಸಾಧಾರಣ ಸ್ಪ್ರಿಂಗ್ ರೈಫಲ್ ಸಾಕು. ಪೀಪ್ ಸೈಟ್‌ನಲ್ಲಿ, ಅಂದರೆ ಸಣ್ಣ ತೂತಿನ ಮೂಲಕ ನೋಡುವ ಡಯಾಪ್ಟರ್ ಸೈಟ್‌ನಲ್ಲಿ, ರಾಜ್ಯ ಮಟ್ಟ, ಮಾವಳಂಕರ್ ಅಖಿಲ ಭಾರತ ಕೂಟ, ರಾಷ್ಟ್ರೀಯ ಚಾಂಪಿಯನ್‌ಷಿಪ್ ಎಂದು ಮೇಲೇರುವ ಆಸೆ ಇದ್ದರೆ ದಾರಿಯೇ ಬೇರೆ. ವಿಭಾಗ ಕೇಳದೆ ಕೊಂಡವರು ಆರು ತಿಂಗಳಲ್ಲಿ ಎರಡನೇ ರೈಫಲ್‌ಗೆ ಹಣ ಹೊಂದಿಸಬೇಕಾಗುತ್ತದೆ.

ಕಾನೂನಿನ ವಿಷಯ ಚಿಕ್ಕದು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿ.ಮೀ. ಮೀರದ, 20 ಜೂಲ್ ದಾಟದ ಏರ್ ರೈಫಲ್‌ಗೆ ಲೈಸೆನ್ಸ್ ಬೇಡ. 5.5 ಮಿ.ಮೀ. ನಳಿಗೆಯದ್ದಕ್ಕೆ ಬೇಕು, ಸ್ಪರ್ಧೆಗೆ ಅದು ನಡೆಯುವುದೂ ಇಲ್ಲ. ಅಂಗಡಿಯವರು ಕೇಳುವ ಗುರುತಿನ ಚೀಟಿ, ವಿಳಾಸದ ದಾಖಲೆ ಕೊಡಿ. ಬಿಲ್‌ನಲ್ಲಿ ರೈಫಲ್‌ನ ಕ್ರಮಸಂಖ್ಯೆ ಬರೆಸಿಕೊಳ್ಳಿ. ಪ್ರಯಾಣದಲ್ಲಿ ಪೊಲೀಸರು ತಡೆದರೆ ತೋರಿಸಲು ಅದರ ಒಂದು ಪ್ರತಿ ರೈಫಲ್ ಪೆಟ್ಟಿಗೆಯಲ್ಲೇ ಇರಲಿ. ಮಕ್ಕಳಿಗಾದರೆ ಹೆತ್ತವರ ಹೆಸರಿನಲ್ಲೇ ಕೊಳ್ಳಿ.

ಸ್ಪ್ರಿಂಗೋ, ಪಂಪೋ, ಸಿಲಿಂಡರೋ

ಆಯ್ಕೆಯ ಮುಖ್ಯ ಕವಲು ಇದು. ಬೆಲೆಯ ಏರುಪೇರು ಹೆಚ್ಚಾಗಿ ಇಲ್ಲಿಂದಲೇ ಹುಟ್ಟುತ್ತದೆ.

ನಳಿಗೆಯನ್ನು ಬಗ್ಗಿಸಿ ಸ್ಪ್ರಿಂಗ್ ಎಳೆಯುವ ರೈಫಲ್ ಎಲ್ಲಕ್ಕಿಂತ ಅಗ್ಗ. ಹೊರಗಿನ ಗಾಳಿ, ಪಂಪ್ ಯಾವುದೂ ಬೇಡ. ಅದರ ತೊಂದರೆ ಒಳಗಿದೆ: ಟ್ರಿಗರ್ ಒತ್ತಿದೊಡನೆ ಭಾರದ ಪಿಸ್ಟನ್ ಮುಂದಕ್ಕೆ ನುಗ್ಗುತ್ತದೆ, ರೈಫಲ್ ಹಿಂದಕ್ಕೆ ಜಗ್ಗುತ್ತದೆ, ಪಿಸ್ಟನ್ ಕೊನೆ ಮುಟ್ಟಿದಾಗ ಮತ್ತೆ ಮುಂದಕ್ಕೆ ಕುಲುಕುತ್ತದೆ. ಇದೆಲ್ಲ ಪೆಲೆಟ್ ನಳಿಗೆಯೊಳಗೆ ಇರುವಾಗಲೇ ಶುರುವಾಗುತ್ತದೆ. ಹಿಡಿತ ಒಂದು ಗುಂಡಿಗೆ ಬಿಗಿ, ಇನ್ನೊಂದಕ್ಕೆ ಸಡಿಲ ಆದರೆ ಪೆಲೆಟ್ ಬೇರೆ ಕಡೆ ಬೀಳುತ್ತದೆ. ಈ ರೈಫಲ್ ಅನ್ನು ಪೆಲೆಟ್ ಇಲ್ಲದೆ ಹೊಡೆಯಬಾರದು. ಎದುರಿಗೆ ತಡೆಯಿಲ್ಲದ ಪಿಸ್ಟನ್ ಹೋಗಿ ಗೋಡೆಗೆ ಬಡಿಯುತ್ತದೆ, ಸೀಲ್ ಒಡೆಯುತ್ತದೆ, ಸ್ಪ್ರಿಂಗ್ ತುಂಡಾಗುತ್ತದೆ. ಹಾಗಾಗಿ ಮನೆಯಲ್ಲಿ ಖಾಲಿ ಅಭ್ಯಾಸಕ್ಕೆ ಒದಗುವುದಿಲ್ಲ. ಖಾಲಿ ಅಭ್ಯಾಸ ಈ ಕ್ರೀಡೆಯ ಅರ್ಧ ಕಲಿಕೆ ಎಂಬುದನ್ನು ಮರೆಯಬೇಡಿ. ಪೆಲೆಟ್ ತುಂಬುವಾಗ ಒಂದು ಕೈ ನಳಿಗೆಯನ್ನು ಗಟ್ಟಿಯಾಗಿ ಹಿಡಿದೇ ಇರಬೇಕು. ಕೊಂಡಿ ಜಾರಿ ನಳಿಗೆ ಎಗರಿದರೆ ಬೆರಳು ಜಜ್ಜುತ್ತದೆ.

ಎರಡನೆಯದು ಒಂದೇ ಎಳೆತದ ಪಂಪ್ ಇರುವ ರೈಫಲ್. ಪಕ್ಕದ ಸನ್ನೆಕೋಲನ್ನು ಒಮ್ಮೆ ಎಳೆದು ಮುಚ್ಚಿದರೆ ಒಂದು ಗುಂಡಿಗೆ ಬೇಕಾದ ಗಾಳಿ ಒತ್ತಿಕೊಳ್ಳುತ್ತದೆ. ಜಗ್ಗಾಟವಿಲ್ಲ, ಸಿಲಿಂಡರ್ ಬೇಡ. ಫೈನ್‌ವರ್ಕ್‌ಬೌ 601, 602, 603 ಈ ಜಾತಿಯವು. ಹೊಸದಾಗಿ ಬರುವುದು ಈಗ ಅಪರೂಪ, ಆದರೆ ಹಿರಿಯ ಶೂಟರ್‌ಗಳ ಕೈಯಿಂದ ಸೆಕೆಂಡ್ ಹ್ಯಾಂಡ್ ಸಿಕ್ಕಿದರೆ ಸಣ್ಣ ಊರಿನವರಿಗೆ ಅದಕ್ಕಿಂತ ಒಳ್ಳೆಯದು ಇಲ್ಲ. ಸನ್ನೆ ಎಳೆಯುವುದಕ್ಕೆ ತೋಳುಬಲ ಬೇಕು. ಹನ್ನೆರಡು ವರ್ಷದ ಮಗುವಿನಿಂದ ಎಪ್ಪತ್ತು ಸಲ ಎಳೆಸಿ ನೋಡಿಯೇ ತೀರ್ಮಾನಿಸಿ.

ಮೂರನೆಯದು ಪಿಸಿಪಿ (ಪ್ರಿ-ಚಾರ್ಜ್ಡ್ ನ್ಯೂಮ್ಯಾಟಿಕ್), ಅಂದರೆ ಮೊದಲೇ ಗಾಳಿ ತುಂಬಿಟ್ಟುಕೊಳ್ಳುವ ರೈಫಲ್: ನಳಿಗೆಯ ಕೆಳಗಿನ ಸಿಲಿಂಡರ್‌ನಲ್ಲಿ ಸಾಮಾನ್ಯವಾಗಿ 200 ಬಾರ್ ಒತ್ತಡದ ಗಾಳಿ. ಇಂದು ಪೀಪ್ ಸೈಟ್ ಸ್ಪರ್ಧೆಯಲ್ಲಿ ಕಾಣುವುದೆಲ್ಲ ಬಹುತೇಕ ಇದೇ. ಭಾರತದಲ್ಲಿ ಪ್ರೆಸಿಹೋಲ್‌ನಂಥ ತಯಾರಕರ ಪಿಸಿಪಿಗಳಿವೆ. ವಿದೇಶದವುಗಳಲ್ಲಿ ಹೆಮ್ಮರ್ಲಿ ಎಆರ್20 ಹೊಸಬರಿಗೆಂದೇ ಸರಳವಾಗಿ ಮಾಡಿದ್ದು. ವಾಲ್ಟರ್, ಅನ್‌ಷುಟ್ಜ್, ಫೈನ್‌ವರ್ಕ್‌ಬೌ ಕಂಪನಿಗಳ ದುಬಾರಿ ಮಾದರಿಗಳು ಮೊದಲ ವರ್ಷಕ್ಕೆ ಬೇಡವೇ ಬೇಡ.

ಪಿಸಿಪಿ ಕೊಳ್ಳುವ ಮೊದಲು ಗಾಳಿ ಎಲ್ಲಿಂದ ಎಂಬುದನ್ನು ಇತ್ಯರ್ಥ ಮಾಡಿಕೊಳ್ಳಿ. ನೀವು ಹೋಗುವ ರೇಂಜ್‌ನಲ್ಲಿ ಕಂಪ್ರೆಸರ್ ಇದ್ದರೆ ಚಿಂತೆಯಿಲ್ಲ. ಇಲ್ಲದಿದ್ದರೆ ಡೈವಿಂಗ್‌ಗೆ ಬಳಸುವ ಸಿಲಿಂಡರ್ ಒಂದನ್ನು ತುಂಬಿಸಿ ತರಬೇಕು. ನೇತ್ರಾಣಿಗೆ ಡೈವಿಂಗ್ ನಡೆಯುವ ಮುರುಡೇಶ್ವರದಂಥ ಕಡೆ ವಿಚಾರಿಸಬಹುದು. ಅದೂ ಆಗದಿದ್ದರೆ ಕೈಪಂಪ್. ಕರಾವಳಿ, ಮಲೆನಾಡಿನವರು ತೇವ ಹೀರುವ ಫಿಲ್ಟರ್ ಇರುವ ಪಂಪನ್ನೇ ಕೊಳ್ಳಿ, ಇಲ್ಲವಾದರೆ ಮಳೆಗಾಲದ ಗಾಳಿಯ ನೀರೆಲ್ಲ ಸಿಲಿಂಡರ್ ಒಳಗೆ ಸೇರಿ ತುಕ್ಕು, ಕವಾಟದ ಸೋರಿಕೆ ಶುರುವಾಗುತ್ತದೆ. ಪಂಪ್ ಬಿಸಿಯಾದೊಡನೆ ನಿಲ್ಲಿಸಿ, ತಣ್ಣಗಾದ ಮೇಲೆ ಮುಂದುವರಿಸಿ.

ಒಂದು ಮಾತನ್ನು ಗಟ್ಟಿಯಾಗಿ ಹೇಳಲೇಬೇಕು: ವೆಲ್ಡಿಂಗ್ ಅಂಗಡಿಯ ಆಕ್ಸಿಜನ್ ಅನ್ನು ಎಂದಿಗೂ ತುಂಬಿಸಬೇಡಿ. ಒತ್ತಡದ ಆಕ್ಸಿಜನ್‌ಗೆ ಒಂದು ಹನಿ ಎಣ್ಣೆ ತಾಗಿದರೂ ಸಿಡಿದು ಜೀವ ಹೋಗುತ್ತದೆ. ಗಾಳಿ ತುಂಬುವ ಜಾಗಕ್ಕೆ ಯಂತ್ರದ ಎಣ್ಣೆ ಹಾಕುವುದೂ ಅಪಾಯವೇ. ಅಲ್ಲಿ ತಯಾರಕರು ಹೇಳಿದ ಸಿಲಿಕೋನ್ ಗ್ರೀಸ್ ಮಾತ್ರ.

ಮೈಗೆ ಹೊಂದುತ್ತದೆಯೇ?

ಮೊದಲು ಕಣ್ಣು. ಎರಡೂ ಕೈ ಮುಂದೆ ಚಾಚಿ, ಅಂಗೈಗಳ ನಡುವೆ ಸಣ್ಣ ಕಿಂಡಿ ಮಾಡಿ, ಎರಡೂ ಕಣ್ಣು ತೆರೆದು ದೂರದ ಸ್ವಿಚ್ಚೊಂದನ್ನು ನೋಡಿ. ಈಗ ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣಿಗೆ ಸ್ವಿಚ್ಚು ಕಿಂಡಿಯಲ್ಲೇ ಉಳಿಯುತ್ತದೋ ಅದೇ ನಿಮ್ಮ ಮುಂದಾಳು ಕಣ್ಣು. ಬಲಗೈಯವರಿಗೆ ಎಡಗಣ್ಣು ಮುಂದಿರುವುದು ಅಪರೂಪವಲ್ಲ. ಅಂಥವರು ತರಬೇತುದಾರರನ್ನು ಕೇಳದೆ ಬಲಗೈ ಹಿಡಿಯ ರೈಫಲ್ ಕೊಳ್ಳಬಾರದು. ಎಡಬಲ ಎರಡಕ್ಕೂ ಒದಗುವ ಹಿಡಿ ಸಿಕ್ಕಿದರೆ ಲೇಸು.

ಆಮೇಲೆ ಉದ್ದ. ಮೊಣಕೈಯನ್ನು ಮೂಲೆಮಟ್ಟವಾಗಿ ಮಡಿಸಿ, ರೈಫಲ್‌ನ ಹಿಂಬದಿಯನ್ನು ಮಡಿಕೆಗೆ ಒರಗಿಸಿ. ತೋರುಬೆರಳಿನ ತುದಿಯ ಗಂಟು ಟ್ರಿಗರ್ ಮುಟ್ಟಬೇಕು. ಬೆರಳು ಚಾಚಬೇಕಾಗಿ ಬಂದರೆ ಉದ್ದ ಹೆಚ್ಚು, ತಲೆ ಹಿಂದಕ್ಕೆ ವಾಲುತ್ತದೆ, ನಡು ನೋಯುತ್ತದೆ.

ಇನ್ನು ಕೆನ್ನೆಯ ಆಸರೆ. ಕಣ್ಣು ಮುಚ್ಚಿ ರೈಫಲ್ ಎತ್ತಿ, ಕತ್ತು ಬಿಗಿಯದೆ ಕೆನ್ನೆ ಊರಿ, ಕಣ್ಣು ತೆರೆಯಿರಿ. ಸೈಟ್‌ನ ತೂತು ನೇರ ಎದುರಿಗಿರಬೇಕು. ಕೆಳಗೋ ಪಕ್ಕಕ್ಕೋ ಇದ್ದರೆ ಆಸರೆಯನ್ನು ಸರಿಸಿ ನೋಡಿ. ಸರಿಸುವುದಕ್ಕೇ ಆಗದ ರೈಫಲ್ ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ. ಭುಜಕ್ಕೆ ಒರಗುವ ಪಟ್ಟಿಯೂ ಮೇಲೆ ಕೆಳಗೆ ಜರುಗಬೇಕು. ಕತ್ತು ಉದ್ದವಿರುವವರು ಪಟ್ಟಿಯನ್ನು ಕೆಳಗಿಳಿಸಿದರೆ ರೈಫಲ್ ತಾನೇ ಕಣ್ಣಿನ ಮಟ್ಟಕ್ಕೆ ಏರುತ್ತದೆ. ಅದಿಲ್ಲದಿದ್ದರೆ ಕತ್ತು ಬಗ್ಗಿಸಿ ಸೈಟ್ ಹುಡುಕುವ ಅಭ್ಯಾಸ ಅಂಟಿಕೊಳ್ಳುತ್ತದೆ, ಬಿಡಿಸುವುದು ಬಹಳ ಕಷ್ಟ. ಬೆಳೆಯುವ ಮಗುವಿಗೆ ಈ ಜರುಗಾಟವೇ ನಿಜವಾದ ಉಳಿತಾಯ, ಎರಡು ಮೂರು ವರ್ಷ ಅದೇ ರೈಫಲ್ ಸಾಕಾಗುತ್ತದೆ.

ತೂಕದಲ್ಲಿ ನಿಯಮದ ಗರಿಷ್ಠ ಮಿತಿ 5.5 ಕೆ.ಜಿ. ಭಾರ ಹೆಚ್ಚಿದಷ್ಟೂ ಅಲುಗಾಟ ಕಡಿಮೆ ಎಂಬುದು ನಿಜ, ಆದರೆ ಬೆನ್ನು ತಾಳಬೇಕು. ಹದಿಮೂರು ಹದಿನಾಲ್ಕರ ಮಕ್ಕಳಿಗೆ ನಾಲ್ಕು ಕೆ.ಜಿ. ಒಳಗಿನದು ಸಾಕು. ಬೇಕಾದಾಗ ತೂಕದ ತುಂಡು ಸೇರಿಸಬಹುದು.

ಸೈಟ್ ಮತ್ತು ಟ್ರಿಗರ್

ಮುಂದಿನ ಸೈಟ್‌ನ ಉಂಗುರ ಚಿಕ್ಕದಿದ್ದಷ್ಟೂ ಗುರಿ ನಿಖರ ಎಂಬುದು ಹೊಸಬರ ನಂಬಿಕೆ. ಲೆಕ್ಕ ಹಾಕಿ ನೋಡಿ: ಗುರಿಯ ಕಪ್ಪು ಭಾಗ 30.5 ಮಿ.ಮೀ. ಕಣ್ಣಿನಿಂದ ಮುಂದಿನ ಸೈಟ್‌ಗೆ ಸುಮಾರು 85 ಸೆಂ.ಮೀ. ಇದ್ದರೆ, ಹತ್ತು ಮೀಟರ್ ಆಚೆಯ ಆ ಕಪ್ಪು ಸೈಟ್‌ನ ಬಳಿ ಸುಮಾರು 2.6 ಮಿ.ಮೀ.ಯಷ್ಟು ಕಾಣುತ್ತದೆ. 3 ಮಿ.ಮೀ. ಉಂಗುರ ಹಾಕಿದರೆ ಸುತ್ತ ಬಿಳಿ ಉಳಿಯುವುದು ಕೂದಲೆಳೆಯಷ್ಟು. ರೈಫಲ್ ತುಸು ಅಲುಗಿದರೂ ಉಂಗುರ ಕಪ್ಪನ್ನು ಕಚ್ಚುತ್ತದೆ, ಶೂಟರ್ ಗಾಬರಿಯಿಂದ ಟ್ರಿಗರ್ ಎಳೆಯುತ್ತಾನೆ. 4 ಮಿ.ಮೀ. ಆಸುಪಾಸಿನಿಂದ ಶುರುಮಾಡಿ.

ಹಿಂದಿನ ಸೈಟ್ ತಿರುಗಿಸುವಾಗ ಒಂದು ಎಚ್ಚರ. ಜರ್ಮನಿಯ ಸೈಟ್‌ಗಳ ಮೇಲಿನ ಅಕ್ಷರಗಳು ಪೆಲೆಟ್ ಈಗ ಎಲ್ಲಿ ಬೀಳುತ್ತಿದೆ ಎಂಬುದನ್ನು ಹೇಳುತ್ತವೆ. ಮೇಲೆ ಬೀಳುತ್ತಿದ್ದರೆ 'ಎಚ್' (ಜರ್ಮನ್‌ನ ಹೋಖ್, ಅಂದರೆ ಎತ್ತರ) ಕಡೆಗೆ ತಿರುಗಿಸಬೇಕು, ಆಗ ಪೆಲೆಟ್ ಕೆಳಗಿಳಿಯುತ್ತದೆ. ಉಲ್ಟಾ ತಿಳಿದು ತಿರುಗಿಸಿದರೆ ಪೆಲೆಟ್ ಇನ್ನೂ ದೂರ ಓಡುತ್ತದೆ, ರೈಫಲ್ ಕೆಟ್ಟಿದೆ ಎನಿಸುತ್ತದೆ.

ಸ್ಪರ್ಧೆಯ ಪಿಸಿಪಿಯ ಟ್ರಿಗರ್ ಸುಮಾರು 100 ಗ್ರಾಂ ಒತ್ತಡಕ್ಕೆ ಬಿಡುತ್ತದೆ. ಕಡಿಮೆ ಬೆಲೆಯಲ್ಲಿ ಅಷ್ಟು ಹಗುರ ಸಿಗದಿದ್ದರೂ ಪರವಾಗಿಲ್ಲ. ಎರಡು ಹಂತ ಸ್ಪಷ್ಟವಾಗಿ ಬೆರಳಿಗೆ ತಿಳಿಯಬೇಕು, ಎರಡನೇ ಹಂತದಲ್ಲಿ ಉಜ್ಜಿದ ಹಾಗೆ ಎಳೆಯಬಾರದು, ಇಪ್ಪತ್ತು ಸಲ ಒತ್ತಿದರೂ ಒಂದೇ ತೆರನಾಗಿರಬೇಕು.

ಹೊಡೆದು ನೋಡದೆ ಹಣ ಕೊಡಬೇಡಿ

ರೈಫಲ್ ಅನ್ನು ಮರಳುಚೀಲದ ಮೇಲೆ ಒರಗಿಸಿ, ಹತ್ತು ಮೀಟರ್‌ಗೆ ಐದೈದು ಪೆಲೆಟ್‌ನ ಐದು ಗುಂಪು ಹೊಡೆಯಿರಿ. ಪ್ರತಿ ಗುಂಪಿನ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆಯಿರಿ. 9.5 ಮಿ.ಮೀ. ಅಗಲದ ದುಂಡಗಿನ ತೂತಿನೊಳಗೆ ಎಲ್ಲವೂ ಅಡಗಿದರೆ ಸೈಟ್ ಸರಿಯಿದ್ದಾಗ ಎಲ್ಲವೂ ಹತ್ತೇ. ಪಿಸಿಪಿಯಾದರೆ 7 ಮಿ.ಮೀ. ಸುತ್ತಮುತ್ತ ಬರಬೇಕು. ಐದರಲ್ಲಿ ಒಳ್ಳೆಯ ಗುಂಪನ್ನು ತೋರಿಸಿ ಮಾರುವವರಿದ್ದಾರೆ, ನೀವು ಕೆಟ್ಟ ಗುಂಪನ್ನು ನೋಡಿ ನಿರ್ಧರಿಸಿ.

ಗುಂಪು ಚದುರಿದರೆ ಮೊದಲು ಪೆಲೆಟ್ ಬದಲಿಸಿ. ಒಂದೇ ರೈಫಲ್‌ಗೆ ಒಂದು ಕಂಪನಿಯದು ಒಗ್ಗುತ್ತದೆ, ಇನ್ನೊಂದು ಒಗ್ಗುವುದಿಲ್ಲ. ತಲೆಯ ಅಳತೆ 4.49, 4.50 ಎಂದು ಡಬ್ಬದ ಮೇಲೆ ಇರುತ್ತದೆ, ಎರಡನ್ನೂ ಹೊಡೆದು ನೋಡಿ. ಸ್ಪರ್ಧೆಗೆ ಚಪ್ಪಟೆ ತಲೆಯದೇ ಆಗಬೇಕು, ಕಾಗದದಲ್ಲಿ ಅದು ದುಂಡಗೆ ತೂತು ಕೊರೆಯುತ್ತದೆ. ಆರ್‌ಡಬ್ಲ್ಯೂಎಸ್ ಆರ್10, ಎಚ್ ಅಂಡ್ ಎನ್ ಫಿನಾಲೆ ಮ್ಯಾಚ್ ಸ್ಪರ್ಧೆಯ ದಿನಕ್ಕಿರಲಿ, ಅಭ್ಯಾಸಕ್ಕೆ ಅಗ್ಗದ ಡಬ್ಬ ಸಾಕು. ಒಗ್ಗಿದ್ದು ಸಿಕ್ಕಿದರೆ ಅದೇ ಲಾಟ್ ಸಂಖ್ಯೆಯ ಮೂರು ನಾಲ್ಕು ಡಬ್ಬ ಒಟ್ಟಿಗೆ ತನ್ನಿ.

ಸೆಕೆಂಡ್ ಹ್ಯಾಂಡ್ ಪಿಸಿಪಿಯಾದರೆ ಸಿಲಿಂಡರ್ ಮೇಲೆ ಕೊರೆದ ತಯಾರಿಕೆಯ ದಿನಾಂಕವನ್ನು ಎಲ್ಲಕ್ಕಿಂತ ಮೊದಲು ಓದಿ. ತಯಾರಕರು ಸಾಮಾನ್ಯವಾಗಿ ಹತ್ತು ವರ್ಷದ ಅವಧಿ ಕೊಡುತ್ತಾರೆ. ಅವಧಿ ಮುಗಿಯದಂತೆ ನೋಡಿಕೊಳ್ಳುವ ಹೊಣೆ ಸ್ಪರ್ಧಿಯದು. ಒಂಬತ್ತು ವರ್ಷದ ಸಿಲಿಂಡರ್ ಇದ್ದರೆ ಹೊಸದರ ಬೆಲೆ ಕಳೆದು ಚೌಕಾಸಿ ಮಾಡಿ. ಗಾಳಿ ತುಂಬಿ, ಒತ್ತಡ ತೋರಿಸುವ ಮುಳ್ಳಿನ ಫೋಟೊ ತೆಗೆದು, ಒಂದು ರಾತ್ರಿ ಇಟ್ಟು ನೋಡಿ. ತುಂಬಿದಾಗಿನ ಬಿಸಿ ಇಳಿದಂತೆ ಒತ್ತಡ ಸ್ವಲ್ಪ ಇಳಿಯುವುದು ಸಹಜ. ಆದ್ದರಿಂದ ಅರ್ಧ ಗಂಟೆ ಬಿಟ್ಟು ತೆಗೆದ ಫೋಟೊವನ್ನೇ ಲೆಕ್ಕಕ್ಕೆ ಹಿಡಿಯಿರಿ. ವೇಗ ಅಳೆಯುವ ಯಂತ್ರ ರೇಂಜ್‌ನಲ್ಲಿದ್ದರೆ ಹತ್ತು ಗುಂಡು ಹೊಡೆದು ನೋಡಿ. ಅತಿ ಹೆಚ್ಚು, ಅತಿ ಕಡಿಮೆ ವೇಗಗಳ ಅಂತರ ಸೆಕೆಂಡಿಗೆ ಮೂರು ಮೀಟರ್ ದಾಟಿದರೆ ಗಾಳಿಯ ಒತ್ತಡವನ್ನು ಒಂದೇ ಸಮನೆ ಇಡುವ ರೆಗ್ಯುಲೇಟರ್ ರಿಪೇರಿಗೆ ಬಂದಿದೆ. ನಳಿಗೆಯ ತುದಿಯಲ್ಲಿ ಗೀರು ಇದ್ದರೆ ಮಾತು ಮುಂದುವರಿಸಬೇಡಿ. ಆಮದಿನ ಕಾಗದ, ಮೂಲ ಬಿಲ್ ಇಲ್ಲದ್ದನ್ನೂ ಬೇಡವೆನ್ನಿ.

ಹಣ ಹಂಚುವ ಬಗೆ

ಕೈಯಲ್ಲಿರುವ ಮೊತ್ತವನ್ನೆಲ್ಲ ರೈಫಲ್‌ಗೇ ಸುರಿಯುವುದು ಹೆಚ್ಚಿನವರು ಮಾಡುವ ತಪ್ಪು. ನೂರು ರೂಪಾಯಿಯಲ್ಲಿ ಅರವತ್ತು ರೈಫಲ್‌ಗೆ, ಇಪ್ಪತ್ತು ಜಾಕೆಟ್, ಕೈಗವಸು, ಬೂಟಿಗೆ, ಉಳಿದದ್ದು ಪೆಲೆಟ್ ಮತ್ತು ಗಾಳಿಗೆ ಇಡಿ. ವಾರಕ್ಕೆ ನಾಲ್ಕು ದಿನ, ದಿನಕ್ಕೆ ಅರವತ್ತು ಗುಂಡು, ಜತೆಗೆ ಸೈಟ್ ಸರಿಮಾಡುವುದಕ್ಕೆ ಹದಿನೈದು ಎಂದರೆ ವಾರಕ್ಕೆ 300, ತಿಂಗಳಿಗೆ 1,200. ಐನೂರರ ಡಬ್ಬ ಹೆಚ್ಚುಕಡಿಮೆ ಎರಡೂವರೆ ಮುಗಿಯುತ್ತದೆ. ಪೆಲೆಟ್‌ಗೆ ಹಣವಿಲ್ಲದೆ ಮೂಲೆ ಸೇರಿದ ದುಬಾರಿ ರೈಫಲ್‌ನಿಂದ ಯಾರಿಗೂ ಉಪಯೋಗವಿಲ್ಲ. ಜಾಕೆಟ್ ಹೊಲಿಸುವವರು ಮೈ ಅಳತೆ ತೆಗೆದೇ ಹೊಲಿಯಬೇಕು. ಬಟ್ಟೆಯ ದಪ್ಪ 2.5 ಮಿ.ಮೀ. ದಾಟಿದರೆ ಸ್ಪರ್ಧೆಯ ತಪಾಸಣೆಯಲ್ಲಿ ತಿರಸ್ಕರಿಸುತ್ತಾರೆ.

ಮನೆಗೆ ತಂದ ಮೇಲೆ

ತಾರಸಿಯ ಮೇಲೆ ಹೊಡೆಯಬೇಡಿ. ಗುರಿ ತಪ್ಪಿದ ಪೆಲೆಟ್ ಪಕ್ಕದ ಮನೆಯ ಮಗುವಿನ ಕಣ್ಣು ತೆಗೆಯಬಲ್ಲದು. ಹಕ್ಕಿ ಅಳಿಲುಗಳ ಕಡೆ ನಳಿಗೆ ತಿರುಗಿಸಿದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಡ್ಡ ಬರುತ್ತದೆ. ಮುಚ್ಚಿದ ಹಜಾರವಿದ್ದು, ಗುರಿಯ ಹಿಂದೆ ಪೆಲೆಟ್ ಹಿಡಿಯುವ ಉಕ್ಕಿನ ಪೆಟ್ಟಿಗೆ, ಅದರ ಹಿಂದೆ ಬಾಗಿಲಿಲ್ಲದ ಗೋಡೆ ಇದ್ದರೆ ಮಾತ್ರ ಹೊಡೆಯಿರಿ. ಹೊಡೆಯದ ಹೊತ್ತಿನಲ್ಲೆಲ್ಲ ನಳಿಗೆಯಲ್ಲಿ, ಅದು ಖಾಲಿ ಎಂದು ತೋರಿಸುವ ಕಿತ್ತಳೆ ಬಣ್ಣದ ಸುರಕ್ಷಾ ದಾರ ಇರಲಿ. ಪೆಲೆಟ್ ಸೀಸದ್ದು, ಅಭ್ಯಾಸದ ನಡುವೆ ತಿಂಡಿ ಬೇಡ, ಮುಗಿದೊಡನೆ ಸೋಪಿನಿಂದ ಕೈ ತೊಳೆಯಿರಿ. ನಳಿಗೆಯನ್ನು ಉಣ್ಣೆಯ ಉಂಡೆಯಿಂದ, ಪೆಲೆಟ್ ತುಂಬುವ ಬದಿಯಿಂದ ಬಾಯಿಯ ಕಡೆಗಷ್ಟೇ ತಳ್ಳಿ ಒರೆಸಿ. ಮಳೆಗಾಲದಲ್ಲಿ ರೈಫಲ್ ಅನ್ನು ನೆನೆದ ಸ್ಪಂಜಿನ ಪೆಟ್ಟಿಗೆಯಲ್ಲಿ ಮುಚ್ಚಿಡಬೇಡಿ. ಹೊರತೆಗೆದು, ಒರೆಸಿ, ಸ್ಪಂಜು ಒಣಗಿದ ಮೇಲೆಯೇ ಒಳಗಿಟ್ಟು ಬೀಗ ಹಾಕಿ. ಪೆಲೆಟ್ ಡಬ್ಬಕ್ಕೆ ಬೇರೆ ಕಪಾಟು, ಬೇರೆ ಬೀಗ.