ಜರ್ಮನಿಯಲ್ಲಿ ಹಸುಗೂಸಿನೊಂದಿಗೆ ಮೊದಲ ವರ್ಷ: ನಾವಿಬ್ಬರೂ ಎಲ್ಲವನ್ನೂ ಕಲಿತ ಬಗೆ

ನನ್ನ ಪತಿಗೆ ಜರ್ಮನಿಯಲ್ಲಿ ಉದ್ಯೋಗ ದೊರೆತು ನಾವು ಇಲ್ಲಿಗೆ ಬಂದಾಗ ನಾನು ಗರ್ಭಿಣಿಯಾಗಿದ್ದೆ. ಮಗುವಿನ ಆರೈಕೆಯೆಲ್ಲ ನನ್ನದು, ಕಚೇರಿ, ಬ್ಯಾಂಕು, ಕಾಗದಪತ್ರಗಳೆಲ್ಲ ಅವರದು ಎಂಬ ಹಂಚಿಕೆ ಬೇಡವೆಂದು ಹೆರಿಗೆಗೆ ಮೊದಲೇ ಇಬ್ಬರೂ ಕುಳಿತು ನಿರ್ಧರಿಸಿಕೊಂಡೆವು. ಅಂತಹ ಹಂಚಿಕೆಯಲ್ಲಿ ಹೊರಗೆ ಹೋಗುವವರಿಗೆ ಮಾತ್ರ ಹೊಸ ದೇಶ ಪರಿಚಯವಾಗುತ್ತದೆ, ಮನೆಯಲ್ಲಿ ಉಳಿದವರು ವರ್ಷ ಕಳೆದರೂ ಒಂದು ಫೋನ್ ಕರೆಗೆ ಇನ್ನೊಬ್ಬರನ್ನು ಕಾಯಬೇಕಾಗುತ್ತದೆ. ಇತ್ತ ತಂದೆಗೆ ಮಗುವಿನ ಅಳು ಹಸಿವಿನದೋ ನಿದ್ದೆಯದೋ ತಿಳಿಯದೆಯೇ ದಿನಗಳು ಸರಿದುಹೋಗುತ್ತವೆ. ಹಿರಿಯರು ಯಾರೂ ಜೊತೆಯಲ್ಲಿಲ್ಲದ ಮನೆಯಲ್ಲಿ ಒಬ್ಬರಿಗೆ ಜ್ವರ ಬಂದರೂ ಇನ್ನೊಬ್ಬರು ಎಲ್ಲವನ್ನೂ ನಿಭಾಯಿಸಬಲ್ಲವರಾಗಿರಬೇಕು ಎಂಬುದು ನಮ್ಮ ಆಲೋಚನೆಯಾಗಿತ್ತು.

ನಮಗೆ ಎಲ್ಲಕ್ಕಿಂತ ಹೆಚ್ಚು ನೆರವಾದವರು ಇಲ್ಲಿ ಹೆಬಾಮೆ ಎಂದು ಕರೆಯುವ ಸೂಲಗಿತ್ತಿ. ಇವರು ತರಬೇತಿ ಪಡೆದ, ಪರವಾನಗಿ ಹೊಂದಿದ ವೃತ್ತಿಪರರು. ಹೆರಿಗೆಯಾದ ಮೊದಲ 10 ದಿನ ಪ್ರತಿದಿನವೂ, ಅನಂತರ ಮಗುವಿಗೆ 12 ವಾರ ತುಂಬುವವರೆಗೆ ಅಗತ್ಯವಿದ್ದಾಗಲೂ ಮನೆಗೇ ಬಂದು ತಾಯಿ ಮಗುವನ್ನು ನೋಡುತ್ತಾರೆ; ಸಾರ್ವಜನಿಕ ಆರೋಗ್ಯ ವಿಮೆಯೇ ಅದರ ವೆಚ್ಚವನ್ನು ಭರಿಸುತ್ತದೆ. ಆದರೆ ಬೇಡಿಕೆ ಹೆಚ್ಚಾಗಿರುವುದರಿಂದ ಗರ್ಭ ನಿಂತದ್ದು ಖಚಿತವಾದೊಡನೆಯೇ ಹುಡುಕಲು ಆರಂಭಿಸಬೇಕು. ನಮ್ಮ ಹೆಬಾಮೆ ಮಗುವನ್ನು ಬಟ್ಟೆಯ ಜೋಲಿಯಲ್ಲಿ ಮಲಗಿಸಿ, ಕೊಕ್ಕೆಯುಳ್ಳ ಕೈತಕ್ಕಡಿಗೆ ತೂಗುಹಾಕಿ ತೂಕ ನೋಡುತ್ತಿದ್ದರು. ಹುಟ್ಟಿದ ಮೊದಲ ದಿನಗಳಲ್ಲಿ ಶಿಶುವಿನ ತೂಕ ಸ್ವಲ್ಪ ಇಳಿಯುವುದು ಸಹಜ, ಸಾಮಾನ್ಯವಾಗಿ ಎರಡು ವಾರಗಳೊಳಗೆ ಅದು ಮತ್ತೆ ಜನನದ ತೂಕವನ್ನು ಮುಟ್ಟುತ್ತದೆ ಎಂದು ಅವರು ಮೊದಲೇ ಹೇಳಿದ್ದರಿಂದ ನನ್ನ ಆತಂಕ ಎಷ್ಟೋ ಕಡಿಮೆಯಾಯಿತು. ಮಗುವಿಗೆ ಚಳಿಯೋ ಸೆಕೆಯೋ ಎಂದು ತಿಳಿಯಲು ಕೈಕಾಲುಗಳನ್ನು ನೋಡದೆ, ಕತ್ತಿನ ಹಿಂಭಾಗಕ್ಕೆ ಎರಡು ಬೆರಳು ತಾಗಿಸಿ ನೋಡುವುದನ್ನು ಅವರೇ ಕಲಿಸಿದರು: ಅಲ್ಲಿ ಬೆಚ್ಚಗಿದ್ದು ಒಣಗಿದ್ದರೆ ಸರಿ, ಬೆವರಿದ್ದರೆ ಒಂದು ಪದರ ಬಟ್ಟೆ ತೆಗೆಯಬೇಕು. ಅವರು ಬರುವ ವೇಳೆಗೆ ಪತಿ ಮನೆಯಲ್ಲಿರುವಂತೆ ನೋಡಿಕೊಂಡೆವು. ಹೀಗಾಗಿ ಸ್ನಾನ, ಹೊಕ್ಕುಳಿನ ಶುಚಿ, ತೇಗು ಬರಿಸುವುದು ಎಲ್ಲವನ್ನೂ ಇಬ್ಬರೂ ಒಂದೇ ಬಾಯಿಂದ ಕೇಳಿ, ಒಂದೇ ರೀತಿ ಮಾಡಿದೆವು.

ಮಲಗಿಸುವ ವಿಷಯದಲ್ಲಿ ಊರಿನಲ್ಲಿರುವ ನನ್ನ ಅಮ್ಮನಿಗೂ ಇಲ್ಲಿನ ಸಲಹೆಗೂ ಹೊಂದಿಕೆಯಾಗುತ್ತಿರಲಿಲ್ಲ. ಇಲ್ಲಿ ಮಗುವನ್ನು ಅಂಗಾತ ಮಲಗಿಸಬೇಕು, ತಲೆದಿಂಬು, ಹೊದಿಕೆ, ಟೋಪಿ ಯಾವುದೂ ಇರಬಾರದು, ತೋಳಿಲ್ಲದ ಮಲಗುಚೀಲವೊಂದೇ ಸಾಕು, ಕೋಣೆ ತಂಪಾಗಿರಬೇಕು ಎನ್ನುತ್ತಾರೆ. "ಅಷ್ಟು ಚಳಿಯಲ್ಲಿ ಕೂಸಿನ ತಲೆಗೆ ಏನೂ ಹಾಕದೆ ಮಲಗಿಸಿದ್ದೀಯಲ್ಲೇ" ಎಂದು ಅಮ್ಮ ವಿಡಿಯೊ ಕರೆಯಲ್ಲಿ ಕಳವಳಪಟ್ಟಾಗ ನಾನು ವಾದಕ್ಕಿಳಿಯದೆ, ಶಿಶುವಿನ ಮೈಯ ಬಿಸಿ ಬಹುಮಟ್ಟಿಗೆ ತಲೆಯ ಮೂಲಕವೇ ಹೊರಹೋಗುವುದರಿಂದ ಒಳಗೆ ಟೋಪಿ ಹಾಕಿದರೆ ಮೈ ಅತಿಯಾಗಿ ಬಿಸಿಯಾಗುವ ಅಪಾಯವಿದೆ ಎಂಬ ಕಾರಣವನ್ನು ವಿವರಿಸಿದೆ. ಕಾರಣ ತಿಳಿದ ಮೇಲೆ ಅವರಿಗೆ ಸಮಾಧಾನವಾಯಿತು. ದೂರದಲ್ಲಿರುವ ಹಿರಿಯರಿಗೆ ನಿಯಮವನ್ನಷ್ಟೇ ತಿಳಿಸುವುದಕ್ಕಿಂತ ಅದರ ಹಿಂದಿನ ಕಾರಣವನ್ನೂ ಹೇಳುವುದು ಗೌರವಯುತವೆಂದು ನಾನು ನಂಬುತ್ತೇನೆ.

ಕಾಗದಪತ್ರಗಳ ಕೆಲಸದಲ್ಲಿ ಕ್ರಮವೇ ಮುಖ್ಯ, ಏಕೆಂದರೆ ಒಂದು ದಾಖಲೆಯಿಲ್ಲದೆ ಮುಂದಿನದು ದೊರೆಯುವುದಿಲ್ಲ. ಜನನವನ್ನು ಒಂದು ವಾರದೊಳಗೆ ಸ್ಟಾಂಡೆಸಾಮ್ಟ್ ಎಂಬ ನೋಂದಣಿ ಕಚೇರಿಗೆ ತಿಳಿಸಬೇಕು. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಸ್ಪತ್ರೆಯೇ ಆ ವರದಿಯನ್ನು ಕಳುಹಿಸುತ್ತದೆ. ಆದರೆ ಪ್ರಮಾಣಪತ್ರ ಸಿಗಬೇಕಾದರೆ ನಮ್ಮ ವಿವಾಹ ಮತ್ತು ಜನನ ಪತ್ರಗಳು ಬೇಕು, ಜರ್ಮನ್ ಭಾಷೆಯಲ್ಲಿಲ್ಲದಿದ್ದರೆ ಅಧಿಕೃತ ಅನುವಾದಕರಿಂದ ಮಾಡಿಸಿದ ಅನುವಾದವೂ ಬೇಕಾಗುತ್ತದೆ. ಇನಿಶಿಯಲ್ ಮಾತ್ರ ಇರುವ, ಪಾಸ್‌ಪೋರ್ಟಿನಲ್ಲಿ ಕುಲನಾಮದ ಸಾಲು ಖಾಲಿಯಿರುವ ಪೋಷಕರು ಮಗುವಿನ ಕುಲನಾಮ ಏನಿರಬೇಕೆಂಬುದನ್ನು ಹೆರಿಗೆಗೆ ಮೊದಲೇ ಆ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಒಳ್ಳೆಯದು. ಇಲ್ಲಿ ಹುಟ್ಟಿದ ಮಾತ್ರಕ್ಕೆ ಮಗುವಿಗೆ ಜರ್ಮನ್ ಪೌರತ್ವ ಬರುವುದಿಲ್ಲ. ಆದ್ದರಿಂದ ಜನನ ಪ್ರಮಾಣಪತ್ರ ಕೈಸೇರಿದ ಮೇಲೆ ಭಾರತೀಯ ರಾಯಭಾರ ಕಚೇರಿಯ ಮೂಲಕ ಪಾಸ್‌ಪೋರ್ಟ್ ಮಾಡಿಸಿದೆವು, ನಮ್ಮ ಕಾನೂನಿನಂತೆ ಒಂದು ವರ್ಷದೊಳಗೆ ಅಲ್ಲಿ ಜನನವನ್ನೂ ನೋಂದಾಯಿಸಬೇಕು. ಮಗುವಿನ ವಾಸ ಪರವಾನಗಿಗೆ ಹುಟ್ಟಿದ ಆರು ತಿಂಗಳೊಳಗೆ ಅರ್ಜಿ ಸಲ್ಲಿಸಬೇಕು. ಈ ಕಚೇರಿಗಳ ಪೈಕಿ ಅರ್ಧದಷ್ಟಕ್ಕೆ ನಾನೇ ಹೋಗುತ್ತಿದ್ದೆ, ಆ ಹೊತ್ತಿನಲ್ಲಿ ಮಗು ತಂದೆಯ ಬಳಿ ಇರುತ್ತಿತ್ತು. ತಡವರಿಸುತ್ತ ಆಡಿದ ಜರ್ಮನ್ ಮಾತು ಎದುರಿಗಿದ್ದವರಿಗೆ ಅರ್ಥವಾದಾಗ ಆಗುವ ಧೈರ್ಯ ಮನೆಯಲ್ಲಿ ಕುಳಿತರೆ ಬರುವಂಥದ್ದಲ್ಲ.

ವೈದ್ಯಕೀಯ ತಪಾಸಣೆಗಳಿಗೆ ಇಲ್ಲಿ ಸ್ಪಷ್ಟ ಕ್ರಮವಿದೆ. ಹೆರಿಗೆಯ ಸಮಯದಲ್ಲಿ ಕೊಡುವ ಹಳದಿ ಪುಸ್ತಕದಲ್ಲಿ ಪ್ರತಿಯೊಂದು ತಪಾಸಣೆಯೂ ದಾಖಲಾಗುತ್ತದೆ: ಎರಡನೆಯದು 3ರಿಂದ 10ನೇ ದಿನದೊಳಗೆ, ಮೂರನೆಯದು 4 ಮತ್ತು 5ನೇ ವಾರಗಳಲ್ಲಿ. ಮಕ್ಕಳ ವೈದ್ಯರಲ್ಲಿ ಅನೇಕರು ಹೊಸಬರನ್ನು ಸೇರಿಸಿಕೊಳ್ಳುವುದಿಲ್ಲವಾದ್ದರಿಂದ ಇದನ್ನೂ ಮೊದಲೇ ಗೊತ್ತುಮಾಡಿಕೊಂಡೆವು. ಭಾರತದಲ್ಲಿ ಹುಟ್ಟಿದೊಡನೆ ಕೊಡುವ ಬಿಸಿಜಿ ಲಸಿಕೆಯನ್ನು ಇಲ್ಲಿನ ಲಸಿಕಾ ಆಯೋಗ 1998ರಿಂದ ಶಿಫಾರಸು ಮಾಡುವುದಿಲ್ಲ. ಊರಿಗೆ ಹೋಗುವ ಯೋಚನೆಯಿದ್ದರೆ ಈ ವಿಷಯವನ್ನು ಪ್ರಯಾಣಕ್ಕೆ ಬಹಳ ಮುಂಚೆಯೇ ವೈದ್ಯರೊಂದಿಗೆ ಮಾತನಾಡಬೇಕು. ಮೂರು ತಿಂಗಳೊಳಗಿನ ಶಿಶುವಿಗೆ 38 ಡಿಗ್ರಿ ಸೆಲ್ಸಿಯಸ್ ಜ್ವರ ಬಂದರೆ ಕಾಯದೆ ವೈದ್ಯರ ಬಳಿ ಹೋಗಬೇಕೆಂಬುದನ್ನೂ, ವೈದ್ಯರ ಬಾಗಿಲು ಮುಚ್ಚಿರುವ ವೇಳೆಗೆಂದಿರುವ 116117 ಮತ್ತು ತುರ್ತು ಸಂಖ್ಯೆ 112 ಅನ್ನೂ ದೊಡ್ಡ ಅಕ್ಷರಗಳಲ್ಲಿ ಬರೆದು ತೊಟ್ಟಿಲಿನ ಪಕ್ಕದ ಗೋಡೆಗೆ ಅಂಟಿಸಿದ್ದೆವು.

ಬಾಣಂತಿಯ ಮನಸ್ಸಿನ ಬಗ್ಗೆಯೂ ಹೇಳಲೇಬೇಕು. ಚಳಿಗಾಲದಲ್ಲಿ ಸಂಜೆ ನಾಲ್ಕೂವರೆಗೆಲ್ಲ ಕತ್ತಲಾಗುವ ದೇಶದಲ್ಲಿ, ಮಾತನಾಡಲು ಯಾರೂ ಇಲ್ಲದೆ, ನಿದ್ದೆಗೆಟ್ಟು ಕುಳಿತಿರುವವರಿಗೆ ದುಃಖ ಯಾವಾಗ ಕಾಯಿಲೆಯಾಯಿತೆಂದು ತಿಳಿಯುವುದು ಕಷ್ಟ. ಹೆರಿಗೆಯ ನಂತರದ ಖಿನ್ನತೆಯನ್ನು ಗುರುತಿಸಲು ಬಳಸುವ, 1987ರಲ್ಲಿ ಪ್ರಕಟವಾದ ಎಡಿನ್‌ಬರೊ ಮಾಪಕ ಎಂಬ ಪ್ರಶ್ನಾವಳಿಯಲ್ಲಿ ಹತ್ತೇ ಪ್ರಶ್ನೆಗಳಿವೆ, ಅದು ಹಲವು ಭಾಷೆಗಳಲ್ಲಿ ದೊರೆಯುತ್ತದೆ. ಅದನ್ನು ನಾನು ಮಾತ್ರವಲ್ಲದೆ ನನ್ನ ಪತಿಯೂ ತುಂಬಿದರು, ಏಕೆಂದರೆ ಹೊಸ ಕೆಲಸ, ಹೊಸ ಭಾಷೆ, ನಿದ್ದೆಯಿಲ್ಲದ ರಾತ್ರಿಗಳು ಅವರ ಪಾಲಿಗೂ ಬಂದಿದ್ದವು.

ನಮ್ಮ ನಿರ್ಧಾರಕ್ಕೆ ಕಾನೂನಿನ ಬೆಂಬಲವೂ ದೊರೆಯಿತು. ಮಗುವನ್ನು ನೋಡಿಕೊಳ್ಳುವ ತಂದೆ ತಾಯಿಗೆ ಸರ್ಕಾರ ಕೊಡುವ ಪೋಷಕರ ಭತ್ಯೆಯನ್ನು ಒಬ್ಬರೇ ಪಡೆದರೆ 12 ತಿಂಗಳು, ಇಬ್ಬರೂ ಹಂಚಿಕೊಂಡರೆ ಒಟ್ಟು 14 ತಿಂಗಳು ದೊರೆಯುತ್ತದೆ. ಆದರೆ ಹಿಂದಿನ ಮೂರು ತಿಂಗಳಿಗಿಂತ ಹಳೆಯ ಬಾಕಿಯನ್ನು ಕೊಡುವುದಿಲ್ಲವಾದ್ದರಿಂದ ಅರ್ಜಿಯನ್ನು ತಡಮಾಡಬಾರದು. ಪತಿ ರಜೆಯನ್ನು ನನ್ನ ಜೊತೆಯಲ್ಲಿ ಅಲ್ಲದೆ ಮಗುವಿಗೆ ವರ್ಷ ತುಂಬುವ ಹೊತ್ತಿಗೆ ತೆಗೆದುಕೊಂಡರು. ಆಗ ನಾನು ಬೆಳಗಿನ ಜರ್ಮನ್ ತರಗತಿಗೆ ಸೇರಿದೆ, ಅವರು ದಿನವಿಡೀ ಮಗುವಿನೊಂದಿಗೆ ಒಬ್ಬರೇ ಇದ್ದರು. ಒಂದು ವರ್ಷ ತುಂಬಿದ ಮಗುವಿಗೆ ಶಿಶುವಿಹಾರದಲ್ಲಿ ಸ್ಥಾನ ಪಡೆಯುವ ಕಾನೂನುಬದ್ಧ ಹಕ್ಕು 2013ರಿಂದ ಇದೆಯಾದರೂ, ಸ್ಥಳದ ಕೊರತೆಯಿಂದಾಗಿ ಬಹಳ ಮುಂಚೆಯೇ ಹೆಸರು ಬರೆಸಬೇಕು. ಆ ಅರ್ಜಿಯನ್ನು ತುಂಬಿದವಳು ನಾನು, ಮಗುವನ್ನು ಅಲ್ಲಿಗೆ ಹೊಂದಿಸಲು ಮೊದಲ ವಾರಗಳಲ್ಲಿ ಜೊತೆಗೆ ಹೋಗಿ ಕುಳಿತವರು ಅವರು.