ಒಂದು ಸಾವಿರ ನಂಬರಿನ ಕಲ್ಲು

ಬಸವನಗುಡಿಯ ನಮ್ಮ ಬೀದಿಗೆ ಸೈಕಲ್ ಮೇಲೆ ಸಾಣೆ ಹಿಡಿಯುವವರೊಬ್ಬರು ಬರುತ್ತಿದ್ದರು. ಅವರು ಬರುವುದು ನಿಂತಮೇಲೆ ಅಮ್ಮ ಮೊಂಡು ಚಾಕುವಿನಲ್ಲೇ ಹುರುಳಿಕಾಯಿ ಹೆಚ್ಚುವುದನ್ನು ನೋಡಲಾರದೆ ನಾನೇ ಕಲಿಯಲು ಕೂತೆ.

ಮೊದಲು ತಂದದ್ದು ಎಸ್‌ಜೆಪಿ ರಸ್ತೆಯ ಹಾರ್ಡ್‌ವೇರ್ ಅಂಗಡಿಯ ಎರಡು ಮುಖದ ಕಾರ್ಬೊರಂಡಮ್ ಕಲ್ಲು. ಮಚ್ಚು, ಕುಡುಗೋಲಿಗೆ ಅದೇ ಸರಿ, ಉಕ್ಕನ್ನು ಬೇಗ ತಿನ್ನುತ್ತದೆ. ಕೋನ ಹಿಡಿಯಲು ಬಾರದ ಕೈಗೆ ಮಾತ್ರ ಆ ವೇಗವೇ ತೊಂದರೆ. ನಾಲ್ಕು ಸಲ ಎಳೆಯುವಷ್ಟರಲ್ಲಿ ಅಲಗಿನ ಪಕ್ಕವೆಲ್ಲ ಗೀರು ಬಿದ್ದಿತ್ತು.

ಆಮೇಲೆ ಆನ್‌ಲೈನ್‌ನಲ್ಲಿ ಒಂದು ಕಡೆ 1000, ಇನ್ನೊಂದು ಕಡೆ 6000 ಇರುವ ಜಪಾನಿ ನೀರುಕಲ್ಲು, ಅಂದರೆ ನೀರು ಹಾಕಿ ಮಸೆಯುವ ಕಲ್ಲು, ತರಿಸಿದೆ. ನಂಬರ್ ಹೆಚ್ಚಿದಷ್ಟೂ ಕಲ್ಲಿನ ಕಣ ನುಣುಪು. 6000ದಲ್ಲಿ ಉಜ್ಜಿದರೆ ಚೆನ್ನಾಗಿ ಹರಿತವಾಗುತ್ತದೆಂದು ವಾರಗಟ್ಟಲೆ ಉಜ್ಜಿದೆ. ಅಲಗು ಕನ್ನಡಿಯಂತೆ ಹೊಳೆಯಿತು, ಟೊಮೆಟೊ ಸಿಪ್ಪೆಯ ಮೇಲೆ ಜಾರಿತು.

ಕಾರಣ ಬರ್. ಪೀಣ್ಯದ ಮಷಿನ್ ಶಾಪ್‌ಗಳಲ್ಲಿ ಕೆಲಸ ಮಾಡಿದವರಿಗೆ ಈ ಪದ ಗೊತ್ತು. ಒಂದು ಮಗ್ಗುಲನ್ನು ತುದಿಯವರೆಗೂ ಮಸೆದಾಗ ಇನ್ನೊಂದು ಮಗ್ಗುಲಿಗೆ ಕೂದಲೆಳೆಯಂಥ ಲೋಹದ ಅಂಚು ಮಗುಚಿಕೊಳ್ಳುತ್ತದೆ. ಹೆಬ್ಬೆರಳನ್ನು ಬೆನ್ನಿನಿಂದ ಅಂಚಿನ ಹೊರಕ್ಕೆ ಸವರಿದರೆ ತಡೆಯುತ್ತದೆ. ಹಿಡಿಯಿಂದ ಮೊನೆಯವರೆಗೆ ಅದು ಏಳುವ ತನಕ ಕಲ್ಲು ಬದಲಿಸಬಾರದು. ಎದ್ದಮೇಲೆ ಇನ್ನೊಂದು ಮಗ್ಗುಲು, ಕೊನೆಗೆ ತೀರಾ ಹಗುರವಾಗಿ ಎರಡೂ ಕಡೆ ಎಳೆದು ಅದನ್ನು ತೆಗೆಯಬೇಕು. ನಾನು ಬರ್ ಏಳದ ಮೊಂಡು ಅಂಚಿಗೇ ಪಾಲಿಶ್ ಮಾಡುತ್ತಿದ್ದೆ.

ಕೋನಕ್ಕೆ ಒಂದು ಲೆಕ್ಕ ಇಟ್ಟುಕೊಂಡೆ: 4.5 ಸೆಂ.ಮೀ. ಅಗಲದ ಚಾಕುವಿನ ಬೆನ್ನು ಕಲ್ಲಿನಿಂದ ಸುಮಾರು 1.4 ಸೆಂ.ಮೀ. ಎದ್ದರೆ 18 ಡಿಗ್ರಿ. ಅಂಚಿಗೆ ಮಾರ್ಕರ್ ಬಳಿದು ಮಸೆದರೆ ಬಣ್ಣ ಎಲ್ಲಿ ಹೋಯಿತು, ಎಲ್ಲಿ ಉಳಿಯಿತು ನೋಡಿ ಕೈ ತಿದ್ದಿಕೊಳ್ಳಬಹುದು. ಇದಕ್ಕಿಂತ ಒಳ್ಳೆ ಮೇಷ್ಟ್ರು ನನಗೆ ಸಿಗಲಿಲ್ಲ.

ಹಾಗಾಗಿ ಕೇಳಿದವರಿಗೆಲ್ಲ 1000ದ ಒಂದೇ ಕಲ್ಲು ಕೊಳ್ಳಿ ಎನ್ನುತ್ತೇನೆ. ಬರ್ ಎಬ್ಬಿಸುವಷ್ಟು ಒರಟು, ತಪ್ಪಾದರೂ ಚಾಕು ಕೆಡದಷ್ಟು ನಿಧಾನ. ನಮ್ಮ ಅಡುಗೆಮನೆಯ ಮೆತ್ತನೆಯ ಸ್ಟೀಲ್ ಚಾಕುಗಳಿಗೆ 6000ದ ಅಗತ್ಯವೇ ಇಲ್ಲ. ಉದ್ದ 18 ಸೆಂ.ಮೀ. ಆದರೂ ಇರಲಿ, ಚಿಕ್ಕದರ ಮೇಲೆ ಕೈ ಓಡುವುದಿಲ್ಲ. ನೆನೆಸುವ ಕಲ್ಲಾದರೆ ಗುಳ್ಳೆ ನಿಲ್ಲುವವರೆಗೆ ನೀರಿನಲ್ಲಿಡಿ. ನೀರುಕಲ್ಲಿಗೆ ಎಣ್ಣೆ ತಾಗಿಸಬೇಡಿ.

ಉಳಿದ ದುಡ್ಡಿಗೆ 220ರ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಉಪ್ಪುಕಾಗದ) ಮತ್ತು ದಪ್ಪ ಗಾಜಿನ ತುಂಡು. ಕಲ್ಲು ನಡುವೆ ಸವೆದು ತಗ್ಗಾಗುತ್ತದೆ. ಪೆನ್ಸಿಲ್‌ನಲ್ಲಿ ಕಲ್ಲಿನ ಮೇಲೆ ಚೌಕಳಿ ಎಳೆದು, ಗೆರೆ ಪೂರ್ತಿ ಅಳಿಯುವವರೆಗೆ ಗಾಜಿನ ಮೇಲೆ ಹಾಸಿದ ಪೇಪರಿಗೆ ಉಜ್ಜುತ್ತೇನೆ. ಎರಡನೇ ಕಲ್ಲು, 400ರದ್ದು, ಕೊಂಡದ್ದು ಅಮ್ಮನ ಹಳೇ ಚಾಕುವಿನ ಅಂಚು ತೆಂಗಿನಚಿಪ್ಪಿಗೆ ತಗುಲಿ ಮುಕ್ಕಾದ ಮೇಲೆ.