ಒಂದು ರಾತ್ರಿಗೆ ಲಾಡ್ಜ್ ಯಾಕೆ? ಸ್ಟೇಷನ್‌ನಲ್ಲೇ ರೂಮ್ ಇದೆ

ರೈಲಿನಲ್ಲಿ ಹೋಗುವವರು ಲಾಡ್ಜ್ ಹುಡುಕುವ ಮೊದಲು ರಿಟೈರಿಂಗ್ ರೂಮ್, ಅಂದರೆ ಸ್ಟೇಷನ್‌ನಲ್ಲೇ ತಂಗಲು ರೈಲ್ವೆ ಕೊಡುವ ರೂಮ್ ನೋಡಿ. ದೊಡ್ಡ ಸ್ಟೇಷನ್‌ಗಳಲ್ಲಿ ಎಸಿ, ನಾನ್ ಎಸಿ ರೂಮ್ ಇರುತ್ತವೆ, ಹಲವು ಕಡೆ ಡಾರ್ಮಿಟರಿಯೂ (ಹಲವರು ಮಲಗುವ ದೊಡ್ಡ ಕೋಣೆ) ಉಂಟು. ಒಬ್ಬರೇ ಹೋಗುವವರಿಗೆ ಡಾರ್ಮಿಟರಿ ಹಾಸಿಗೆಯೇ ಲಾಭ.

ರೈಲು ಟಿಕೆಟ್ ಮಾಡುವ ಐಆರ್‌ಸಿಟಿಸಿ ತಾಣದ ರಿಟೈರಿಂಗ್ ರೂಮ್ ಪುಟದಲ್ಲಿ ಟಿಕೆಟ್‌ನ ಪಿಎನ್‌ಆರ್ ಸಂಖ್ಯೆ ಹಾಕಿ. ಹತ್ತುವ ಅಥವಾ ಇಳಿಯುವ ಸ್ಟೇಷನ್ ಆರಿಸಿ, 12, 24 ಅಥವಾ 48 ಗಂಟೆಯ ಅವಧಿ ಗುರುತಿಸಿ, ಹಣ ಕಟ್ಟಿ. ಟಿಕೆಟ್ ಕನ್ಫರ್ಮ್ ಅಥವಾ ಆರ್‌ಎಸಿ (ಬರ್ತ್ ಸಿಗುವವರೆಗೆ ಕೂರಲು ಸೀಟು) ಆಗಿರಬೇಕು, ವೇಟಿಂಗ್ ಲಿಸ್ಟ್‌ಗೆ ಸಿಗುವುದಿಲ್ಲ. ಆದ್ದರಿಂದ ಟಿಕೆಟ್ ಖಚಿತವಾದ ದಿನವೇ ರೂಮನ್ನೂ ಮಾಡಿಬಿಡಿ. ರೂಮ್‌ಗಳು ಕಡಿಮೆ, ರಜಾದಿನಗಳಲ್ಲಿ ಬೇಗ ಮುಗಿಯುತ್ತವೆ.

ಹೆಚ್ಚಿನವರು ಎಡವುವುದು ಸಮಯದ ಲೆಕ್ಕದಲ್ಲಿ. ಬೆಳಗಿನ ಜಾವ 5ಕ್ಕೆ ಇಳಿಯುವವರು ಬೆಳಿಗ್ಗೆ 8ರಿಂದ ಬುಕ್ ಮಾಡಿದರೆ ಮೂರು ಗಂಟೆ ಪ್ಲಾಟ್‌ಫಾರ್ಮ್‌ನಲ್ಲೇ ಕಾಯಬೇಕು. ರೈಲು ತಡವಾದರೆ ಅವಧಿ ಮುಂದಕ್ಕೆ ಹೋಗುತ್ತದೆಂದು ನಂಬಬೇಡಿ. ಟಿಕೆಟ್ ಮತ್ತು ಮೂಲ ಗುರುತಿನ ಚೀಟಿ ಕೈಯಲ್ಲಿರಲಿ.

ಸ್ನಾನ ಮಾಡಿ ಊರು ಸುತ್ತುವುದಷ್ಟೇ ಆದರೆ ರೂಮೇ ಬೇಡ. ಸ್ನಾನ ವೇಟಿಂಗ್ ಹಾಲ್‌ನಲ್ಲಿ ಮುಗಿಸಿ, ಸಾಮಾನು ಕ್ಲೋಕ್ ರೂಮಿಗೆ ಕೊಡಿ. ಬ್ಯಾಗಿಗೆ ಬೀಗ ಇಲ್ಲದಿದ್ದರೆ ತೆಗೆದುಕೊಳ್ಳುವುದಿಲ್ಲ. ಸಣ್ಣ ಬೀಗವೊಂದನ್ನು ಮನೆಯಿಂದಲೇ ತನ್ನಿ, ಸ್ಟೇಷನ್ ಹೊರಗೆ ದುಬಾರಿ.

ಕ್ಷೇತ್ರಗಳಿಗೆ ಹೋಗುವವರಿಗೆ ದೇವಸ್ಥಾನದ ವಸತಿಗೃಹ, ಮಠದ ಛತ್ರ ಇನ್ನೂ ಅಗ್ಗ. ತಿರುಮಲದಲ್ಲಿ ನಮ್ಮ ರಾಜ್ಯದ್ದೇ ಛತ್ರವಿದೆ. ಆದರೆ ಅನೇಕ ಕ್ಷೇತ್ರಗಳಲ್ಲಿ ಒಬ್ಬರಿಗೇ ರೂಮ್ ಕೊಡುವುದಿಲ್ಲ. ಹೊರಡುವ ಮೊದಲೇ ಫೋನ್ ಮಾಡಿ ಕೇಳಿ.